ಏಳು ಸಾಲಿನ ಸುದ್ದಿಯಲ್ಲಿ ಒಂದು ‘ಸಾಲ’: ಬೆಳಗಾವಿಯ ಕ್ರೀಡಾಪುಟದ ಒಂದು ಪ್ರಕರಣ

ಅಚ್ಚಾದದ್ದು ಇಷ್ಟು:

‘ಅಮೆರಿಕದ ಡೆಟ್ರಾಯಿಟ್ ಹಾಕಿ ತಂಡವು ತನ್ನ ಯುವ ಆಟಗಾರ ಮೊರಿಟ್ಜ್ ಸೈಡರ್ ಅವರನ್ನು ಸಾಲದ ರೂಪದಲ್ಲಿ ಸ್ವೀಡನ್‌ನ ರೋಗ್ಲೆ ಕ್ಲಬ್‌ಗೆ ಮಾರಾಟ ಮಾಡಿದೆ. ಜರ್ಮನಿಯ ಈ ಆಟಗಾರ ಇದುವರೆಗೆ ತವರಿನ ಮ್ಯಾನ್‌ಹೈಮ್ ತಂಡದ ಪರವಾಗಿ ಲೀಗ್‌ನಲ್ಲಿ ಆಡುತ್ತಿದ್ದರು. ಜನವರಿಯಲ್ಲಿ ಅವರು ಡೆಟ್ರಾಯಿಟ್‌ಗೆ ಮರಳಲಿದ್ದಾರೆ.’

2020ರ ಅಕ್ಟೋಬರ್. ಒಂದು ಕನ್ನಡ ದಿನಪತ್ರಿಕೆಯ ಬೆಳಗಾವಿ ಆವೃತ್ತಿ. ಕ್ರೀಡಾಪುಟದ ಕೆಳಮೂಲೆಯಲ್ಲಿ ಡಬಲ್ ಕಾಲಂ, ಏಳು ಸಾಲು, ಮೇಲೊಂದು ಚಿಕ್ಕ ಚಿತ್ರ. ಚಿತ್ರದಲ್ಲಿ ನೀಲಿ ಟರ್ಫ್, ಬಾಗಿದ ಕೋಲು, ಬಿಳಿ ಚೆಂಡು. ಪುಟದ ಉಸ್ತುವಾರಿ ನನ್ನದೇ ಆಗಿತ್ತು. ಆದ್ದರಿಂದ ಇದು ಬೇರೆಯವರ ತಪ್ಪಿನ ಕಥೆಯಲ್ಲ. ಪುಟ ನೋಡಿ ‘ಬಿಡಿ’ ಎಂದು ಹೇಳಿದವನು ನಾನು.

ಮೂರು ವಾಕ್ಯಗಳಲ್ಲಿ ಮೂರು ತಪ್ಪುಗಳಿವೆ, ಚಿತ್ರದ್ದು ನಾಲ್ಕನೆಯದು. ಅವುಗಳಲ್ಲಿ ಎರಡು ಮಾತ್ರ ತಿಳಿವಳಿಕೆಯ ಕೊರತೆಯಿಂದ ಆದವು. ಉಳಿದೆರಡು ತಿಳಿದವರೇ ಮಾಡುವಂಥವು. ನನ್ನನ್ನು ಇಷ್ಟು ವರ್ಷ ಕಾಡಿದ್ದು ಆ ಎರಡು.

ಆ ರಾತ್ರಿ

ಐಪಿಎಲ್ ಆ ವರ್ಷ ಯುಎಇಯಲ್ಲಿ ನಡೆಯುತ್ತಿತ್ತು. ರಾತ್ರಿ ಏಳೂವರೆಗೆ ಪಂದ್ಯ ಶುರುವಾದರೆ ಮುಗಿಯುವಾಗ ಹನ್ನೊಂದೂವರೆ. ನಗರ ಆವೃತ್ತಿಯ ಪುಟ ಅಷ್ಟರೊಳಗೆ ಬಹುಪಾಲು ಕಟ್ಟಿರಬೇಕು, ಪಂದ್ಯದ ವರದಿಗೆ ಮಾತ್ರ ಜಾಗ ಬಿಟ್ಟಿರಬೇಕು. ಅವತ್ತು ಒಂದು ಸಹಕಾರಿ ಸಂಘದ ವಾರ್ಷಿಕ ಸಭೆಯ ಜಾಹೀರಾತು ಕೊನೆಯ ಗಳಿಗೆಯಲ್ಲಿ ರದ್ದಾಯಿತು. ಕೆಳಮೂಲೆ ಖಾಲಿಯಾಯಿತು. ಸ್ಥಳೀಯ ಕ್ರೀಡಾ ಸುದ್ದಿ ಎಂಬುದೇ ಇರದ ಕಾಲ ಅದು. ಮೈದಾನಗಳಿಗೆ ಬೀಗ, ಶಾಲೆಗಳಿಗೆ ಬೀಗ. ಇಂಥ ಖಾಲಿ ಜಾಗಕ್ಕೆ ಹಾಕುವ ಸುದ್ದಿಗೆ ನಾವು ‘ಫಿಲ್ಲರ್’ ಎನ್ನುತ್ತೇವೆ. ಗೋಡೆಯ ಬಿರುಕಿಗೆ ಮೆತ್ತುವ ಗಾರೆಯಷ್ಟೇ ಅದಕ್ಕೆ ಮರ್ಯಾದೆ. ಮುಖ್ಯ ಸುದ್ದಿಯನ್ನು ಮೂವರು ಓದುತ್ತಾರೆ, ಫಿಲ್ಲರ್ ಅನ್ನು ಬರೆದವನೂ ಎರಡನೆಯ ಸಲ ಓದುವುದಿಲ್ಲ.

ಡೆಸ್ಕ್‌ನಲ್ಲಿದ್ದ ಹುಡುಗ ಚುರುಕು. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು, ಅದರಲ್ಲಿ ಆರು ತಿಂಗಳು ಕೊರೊನಾ ತಿಂದಿತ್ತು. ಅವನ ಮೊಬೈಲಿನಲ್ಲಿ ಮೂರು ಬರಹಗಳು ತೆರೆದಿದ್ದವು. ಆಗಸ್ಟ್‌ನಲ್ಲಿ ಸೈಡರ್ ಮ್ಯಾನ್‌ಹೈಮ್‌ಗೆ ಹೋಗುತ್ತಾನೆ ಎಂದು ಬಂದದ್ದು ಒಂದು, ಅಕ್ಟೋಬರ್‌ನಲ್ಲಿ ರೋಗ್ಲೆಗೆ ಹೋಗುತ್ತಾನೆ ಎಂದು ಬಂದದ್ದು ಇನ್ನೊಂದು, ಯುರೋಪಿಗೆ ಹೀಗೆ ಹೋದ ಇತರರ ಬಗ್ಗೆ ಒಂದು ಸಮಗ್ರ ಬರಹ ಮೂರನೆಯದು. ಮೂರನ್ನೂ ಓದಿ ಒಂದು ಮಾಡಿದ. ಅಂದರೆ ಸೋಮಾರಿತನದಿಂದ ಆದ ತಪ್ಪು ಇದಲ್ಲ. ಒಂದನ್ನೇ ಓದಿ ಇದ್ದಂತೆ ಅನುವಾದಿಸಿದ್ದರೆ ಇಷ್ಟು ತಪ್ಪುಗಳು ಆಗುತ್ತಲೇ ಇರಲಿಲ್ಲ ಎಂಬುದು ಇದರ ವಿಚಿತ್ರ.

ಬೆಳಗಿನ ಅತಿಥಿ

ಮರುದಿನ ಹನ್ನೊಂದಕ್ಕೆ ಕಾವಲುಗಾರ ಕೆಳಗಿನಿಂದ ಫೋನ್ ಮಾಡಿದ. ಯಾರೋ ಹಿರಿಯರು ಬಂದಿದ್ದಾರೆ, ಮೇಲೆ ಬಿಡುವಂತಿಲ್ಲ, ನೀವೇ ಇಳಿದು ಬನ್ನಿ ಎಂದ. ಮೆಟ್ಟಿಲಿನ ಬುಡದಲ್ಲಿ ನಿಂತಿದ್ದವರನ್ನು ಕ್ಯಾಂಪ್ ಪ್ರದೇಶದ ಅರ್ಧ ಜನ ಕಾಕಾ ಎಂದೇ ಕರೆಯುತ್ತಾರೆ. ಮರಾಠಾ ಲಘು ಪದಾತಿ ದಳದಿಂದ ಹವಾಲ್ದಾರರಾಗಿ ನಿವೃತ್ತರಾದವರು. ಪಲ್ಟಣದಲ್ಲಿ ಹಾಕಿ ಆಡಿದವರು. ಆಮೇಲೆ ಟಿಳಕವಾಡಿಯ ಲೇಲೆ ಮೈದಾನದಲ್ಲಿ ಮಕ್ಕಳಿಗೆ ಕೋಲು ಹಿಡಿಯುವುದನ್ನು ಕಲಿಸಿದವರು. ಹಾಕಿಯ ಬಗ್ಗೆ ಈ ಊರಿನಲ್ಲಿ ಹೀಗೆ ತಪ್ಪು ಬರೆದು ತಪ್ಪಿಸಿಕೊಳ್ಳಲಾಗುವುದಿಲ್ಲ. ದಂಡು ಪ್ರದೇಶ ಇದ್ದಲ್ಲಿ ಹಾಕಿ ಇರುತ್ತದೆ. 1964ರಲ್ಲಿ ಟೋಕಿಯೊದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದ ಬಂಡು ಪಾಟೀಲರು ಈ ಊರಿನವರು. ಕಾಕಾ ಆ ಹೆಸರನ್ನು ಮಾತಿನ ನಡುವೆ ತರದೆ ಬಿಟ್ಟ ದಿನವನ್ನು ನಾನು ಕಂಡಿಲ್ಲ.

ಮಾಸ್ಕಿನ ಹಿಂದಿನಿಂದ ಕಾಕಾ ಕೇಳಿದರು: ‘ತಮ್ಮಾ, ಈ ಹುಡುಗನ ಮೇಲೆ ಎಷ್ಟು ಸಾಲವಿತ್ತು?’

ನನಗೆ ಅರ್ಥವಾಗಲಿಲ್ಲ.

‘ಸಾಲದ ರೂಪದಲ್ಲಿ ಮಾರಾಟ ಮಾಡಿದರು ಎಂದು ಬರೆದಿದ್ದೀರಿ. ಜೀತಕ್ಕೆ ಇಟ್ಟರೇನು? ಜನವರಿಯಲ್ಲಿ ಮರಳುತ್ತಾನೆ ಎಂದೂ ಇದೆ. ಮಾರಿದ ಎತ್ತು ಸಂಕ್ರಾಂತಿಗೆ ತಾನಾಗಿ ಮನೆಗೆ ಬರುತ್ತದೆಯೇ?’

ಚಿತ್ರದ ಬಗ್ಗೆ ಅವರು ಆಮೇಲೆ ಹೇಳಿದರು, ಅದೂ ಬೇಸರದಿಂದ. ಅವರ ಮೊಮ್ಮಗಳು ಸ್ಕೇಟಿಂಗ್ ಕಲಿಯುತ್ತಾಳೆ. ಡೆಟ್ರಾಯಿಟ್ ಎಂದರೆ ಮಂಜುಗಡ್ಡೆಯ ಮೇಲಿನ ಹಾಕಿ, ಚೆಂಡಿನ ಬದಲು ಪಕ್ ಎಂಬ ರಬ್ಬರ್ ಬಿಲ್ಲೆ ಇರುತ್ತದೆ ಎಂದು ಬೆಳಗಿನ ಚಹಾದ ಹೊತ್ತಿಗೇ ಅವಳು ಅಜ್ಜನಿಗೆ ಹೇಳಿಬಿಟ್ಟಿದ್ದಳು. ನಮ್ಮ ಚಿತ್ರಗಳ ಕಡತದಲ್ಲಿ ‘ಹಾಕಿ’ ಎಂದು ಹುಡುಕಿದರೆ ಬರುವುದು ಟರ್ಫ್ ಮಾತ್ರ. ಪುಟ ಕಟ್ಟುವವನು ಮೊದಲು ಸಿಕ್ಕಿದ್ದನ್ನು ಹಾಕಿದ್ದ. ಚಿತ್ರದ ತಪ್ಪಿನ ಕಥೆ ಅಷ್ಟೇ, ಅದರಲ್ಲಿ ಆಳವೇನೂ ಇಲ್ಲ.

ನಿಜವಾಗಿ ನಡೆದದ್ದು

ಕಾಕಾ ಹೋದ ಮೇಲೆ ನಾನು ಮೂಲದಿಂದ ಶುರು ಮಾಡಿದೆ.

ಸೈಡರ್, ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2019ರಲ್ಲಿ ಆರನೆಯವನಾಗಿ ಡೆಟ್ರಾಯಿಟ್ ರೆಡ್ ವಿಂಗ್ಸ್ ಪಾಲಾದವನು. ರಕ್ಷಣಾ ಆಟಗಾರ. ಮೊದಲ ವರ್ಷ ಡೆಟ್ರಾಯಿಟ್ ಅವನನ್ನು ತನ್ನ ಕೆಳಹಂತದ ತಂಡವಾದ ಗ್ರ್ಯಾಂಡ್ ರ‍್ಯಾಪಿಡ್ಸ್ ಗ್ರಿಫಿನ್ಸ್‌ಗೆ ಕಳಿಸಿತ್ತು. 2020ರ ಮಾರ್ಚ್‌ನಲ್ಲಿ ಸಾಂಕ್ರಾಮಿಕದಿಂದ ಆಟ ನಿಂತಾಗ ಡೆಟ್ರಾಯಿಟ್ ಇಡೀ ಎನ್‌ಎಚ್‌ಎಲ್‌ನಲ್ಲಿ ಕೊನೆಯ ಸ್ಥಾನದಲ್ಲಿತ್ತು. 71 ಪಂದ್ಯ, 17 ಗೆಲುವು. ಬೇಸಿಗೆಯಲ್ಲಿ ಲೀಗ್ 24 ತಂಡಗಳನ್ನು ಮಾತ್ರ ಕರೆದು ಋತುವನ್ನು ಮುಗಿಸಿತು. ಡೆಟ್ರಾಯಿಟ್‌ಗೆ ಕರೆ ಬರಲಿಲ್ಲ. ಮುಂದಿನ ಋತುವನ್ನು ಜನವರಿ 1ಕ್ಕೆ ಶುರು ಮಾಡುವ ಗುರಿಯನ್ನು ಲೀಗ್ ಹಾಕಿಕೊಂಡದ್ದು ಅಕ್ಟೋಬರ್‌ನಲ್ಲಿ. ಅಂದರೆ ಹತ್ತೊಂಬತ್ತರ ಒಬ್ಬ ಹುಡುಗ ಹತ್ತು ತಿಂಗಳು ಸುಮ್ಮನೆ ಕೂರಬೇಕು. ಆ ವಯಸ್ಸಿನ ಆಟಗಾರನಿಗೆ ಹತ್ತು ತಿಂಗಳು ಏನೆಂದು ಕಾಕಾ ಅವರನ್ನು ಕೇಳಬೇಕು. ಮಳೆಗಾಲದಲ್ಲಿ ನಾಲ್ಕು ವಾರ ಮೈದಾನ ಕೆಸರಾದರೆ ಹುಡುಗರ ಕೈ ಹೋಗುತ್ತದೆ ಎನ್ನುವವರು ಅವರು.

ಯುರೋಪಿನಲ್ಲಿ ಲೀಗ್‌ಗಳು ಶುರುವಾಗುವ ಸೂಚನೆ ಇತ್ತು. ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಅವನನ್ನು ಅವನ ಹಳೆಯ ಕ್ಲಬ್ ಆಡ್ಲರ್ ಮ್ಯಾನ್‌ಹೈಮ್‌ಗೆ ಕೊಟ್ಟಿತು. ಆದರೆ ಜರ್ಮನಿಯ ಲೀಗ್ ಸೆಪ್ಟೆಂಬರ್‌ನಿಂದ ನವೆಂಬರ್‌ಗೆ ಹೋಯಿತು, ಕೊನೆಗೆ ಡಿಸೆಂಬರ್ 17ಕ್ಕೆ ಶುರುವಾಯಿತು. ಸ್ವೀಡನ್‌ನಲ್ಲಿ ಆಟ ನಡೆಯುತ್ತಿತ್ತು. ಅಕ್ಟೋಬರ್‌ನಲ್ಲಿ ಅವನನ್ನು ಎಂಗೆಲ್‌ಹೋಮ್ ಪಟ್ಟಣದ ರೋಗ್ಲೆ ಕ್ಲಬ್‌ಗೆ ಕೊಟ್ಟರು, 2020–21ರ ಇಡೀ ಋತುವಿಗೆ.

ಈಗ ನಮ್ಮ ಏಳು ಸಾಲುಗಳನ್ನು ಪಕ್ಕದಲ್ಲಿಟ್ಟು ನೋಡಿ. ಅವನನ್ನು ಯಾರೂ ಮಾರಿರಲಿಲ್ಲ, ಕರಾರು ಡೆಟ್ರಾಯಿಟ್ ಜೊತೆಗೇ ಇತ್ತು. ಮ್ಯಾನ್‌ಹೈಮ್ ಪರವಾಗಿ ಆ ಋತುವಿನ ಒಂದೂ ಲೀಗ್ ಪಂದ್ಯವನ್ನು ಅವನು ಆಡಿರಲಿಲ್ಲ, ಏಕೆಂದರೆ ಲೀಗೇ ಶುರುವಾಗಿರಲಿಲ್ಲ. ಜನವರಿಯಲ್ಲಿ ಮರಳುವ ಮಾತು ಪ್ರಕಟಣೆಯಲ್ಲಿ ಎಲ್ಲೂ ಇರಲಿಲ್ಲ.

ಆ ಜನವರಿ ಎಲ್ಲಿಂದ ಬಂತು? ಮೂರನೆಯ ಬರಹದಿಂದ. ಅದೇ ಡೆಟ್ರಾಯಿಟ್‌ನ ಫಿಲಿಪ್ ಝಡೀನಾ ಜೆಕ್ ದೇಶದ ಟ್ರಿನೆಟ್ಸ್ ಕ್ಲಬ್‌ಗೆ ಹೋಗಿದ್ದ, ಮಾಂಟ್ರಿಯಲ್‌ನ ಯೆಸ್ಪೆರಿ ಕೊಟ್ಕಾನಿಯೆಮಿ ಫಿನ್‌ಲೆಂಡ್‌ನ ಎಸ್ಸೆಟ್‌ಗೆ ಹೋಗಿದ್ದ. ಇವರು ಎನ್‌ಎಚ್‌ಎಲ್ ಶಿಬಿರ ತೆರೆಯುವ ಹೊತ್ತಿಗೆ ವಾಪಸಾಗಬೇಕಾದವರು, ವಾಪಸಾದರು ಕೂಡ. ನಮ್ಮ ಹುಡುಗ ಲೆಕ್ಕ ಹಾಕಿದ: ಉಳಿದವರೆಲ್ಲ ಲೀಗ್ ಶುರುವಾಗುವಾಗ ಬರುತ್ತಾರೆ, ಲೀಗ್ ಜನವರಿಯಲ್ಲಿ, ಆದ್ದರಿಂದ ಸೈಡರ್ ಜನವರಿಯಲ್ಲಿ. ತರ್ಕ ಸರಿಯಾಗಿತ್ತು, ಸುದ್ದಿ ಸುಳ್ಳಾಗಿತ್ತು. ಕ್ರೀಡಾ ವರದಿಯಲ್ಲಿ ನಾನು ಕಂಡ ಹೆಚ್ಚಿನ ಸುಳ್ಳುಗಳು ಈ ಜಾತಿಯವು. ಯಾರೂ ಬೇಕೆಂದು ಕಟ್ಟಿದವಲ್ಲ, ಮೂಲದಲ್ಲಿ ಒಂದು ವಿವರ ಕಾಣದಿದ್ದಾಗ ವಿಷಯ ಬಲ್ಲವನೊಬ್ಬ ತನ್ನ ಬಲ್ಮೆಯಿಂದ ತುಂಬಿದವು. ಐಸ್ ಹಾಕಿಯ ಗಂಧವೇ ಇಲ್ಲದವನು ಆ ಸಾಲನ್ನು ಬರೆಯುತ್ತಿರಲಿಲ್ಲ.

ಅವನು ಅನೇಕ ಕಡೆ ನೋಡಿ ಖಚಿತಪಡಿಸಿಕೊಂಡೆ ಎಂದ. ನೋಡಿದ್ದೂ ನಿಜ. ಆದರೆ ಆ ಅನೇಕ ತಾಣಗಳನ್ನು ಒಂದೊಂದಾಗಿ ಬಿಡಿಸಿದಾಗ ಎಲ್ಲದರ ಬೇರು ಕ್ಲಬ್‌ನ ಒಂದೇ ಪ್ರಕಟಣೆಗೆ ಹೋಯಿತು. ಸಂತೆಯಲ್ಲಿ ಹತ್ತು ಜನ ಹೇಳಿದರೂ ಹತ್ತೂ ಜನರಿಗೆ ಹೇಳಿದವನು ಒಬ್ಬನೇ ಇರಬಹುದು. ಹತ್ತರಲ್ಲಿ ಆರು ತಾಣಗಳು ಎಷ್ಟು ದಿನಕ್ಕೆ ಎಂಬುದನ್ನು ಬಿಟ್ಟಿದ್ದವು, ತಲೆಬರಹಕ್ಕೆ ಅದು ಬೇಕಿರಲಿಲ್ಲ. ಜೊತೆಗೆ ಗಡಿಯಾರದ ಕಾಟ ಬೇರೆ. ಡೆಟ್ರಾಯಿಟ್ ನಮಗಿಂತ ಆಗ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿನ ವರದಿಗಾರ ಸಂಜೆ ಐದಕ್ಕೆ ಕ್ಲಬ್‌ನವರನ್ನು ಕೇಳಿ ಬರೆದದ್ದು ನಮಗೆ ಸಿಗುವಾಗ ರಾತ್ರಿ ಎರಡೂವರೆ, ನಮ್ಮ ಪತ್ರಿಕೆ ಆಗ ಗೋಕಾಕದ ದಾರಿಯಲ್ಲಿ ವ್ಯಾನಿನೊಳಗೆ ಇರುತ್ತದೆ. ಸ್ವೀಡನ್ ಮೂರೂವರೆ ಗಂಟೆ ಮಾತ್ರ ಹಿಂದೆ. ಪಡೆದ ಕ್ಲಬ್‌ನ ಪ್ರಕಟಣೆಯನ್ನು ನೋಡಿದ್ದರೆ ಎಂಟು ಗಂಟೆಯೊಳಗೇ ಋತುವಿನ ಮಾತು ಸಿಗುತ್ತಿತ್ತು. ನಾವು ಕೊಟ್ಟವರ ಊರನ್ನು ನೋಡಿದೆವು, ಪಡೆದವರ ಊರನ್ನು ನೋಡಲಿಲ್ಲ.

ಒಂದು ಶಬ್ದ

ಉಳಿದದ್ದು ‘ಸಾಲ’ ಮತ್ತು ‘ಮಾರಾಟ’. ಇಂಗ್ಲಿಷಿನ ‘ಲೋನ್’ ಎಂಬುದನ್ನು ಬ್ಯಾಂಕಿನ ಬಾಗಿಲಲ್ಲೇ ಕಲಿತವರು ನಾವು. ಸಾಲ ಎಂದರೆ ಹಣ, ಬಡ್ಡಿ, ನೋಟಿಸು. ಆಟಗಾರನಿಗೆ ಅದು ಒಗ್ಗುವುದಿಲ್ಲ ಎಂದು ಹುಡುಗನಿಗೂ ಅನ್ನಿಸಿತ್ತು, ಅದಕ್ಕೇ ‘ರೂಪದಲ್ಲಿ’ ಸೇರಿಸಿದ, ಆಮೇಲೆ ವಾಕ್ಯಕ್ಕೆ ಕ್ರಿಯಾಪದ ಬೇಕಾಗಿ ‘ಮಾರಾಟ’ ತಂದ. ಕ್ರೀಡಾಪುಟದಲ್ಲಿ ಹರಾಜು, ಖರೀದಿ, ಮಾರಾಟ ಎಂದು ಬರೆದೂ ಬರೆದೂ ನಮ್ಮ ಬೆರಳಿಗೆ ಅವೇ ಅಭ್ಯಾಸವಾಗಿವೆ. ತಮಾಷೆಯೆಂದರೆ ಅದೇ ಪುಟದ ಮೇಲ್ಭಾಗದ ಐಪಿಎಲ್‌ನಲ್ಲೂ ಆ ವರ್ಷ ಋತುವಿನ ನಡುವೆ ಇಂಥದ್ದೇ ಏರ್ಪಾಡು ಇತ್ತು: ತಂಡಗಳು ಏಳು ಪಂದ್ಯ ಮುಗಿಸಿದ ಮೇಲೆ, ಎರಡಕ್ಕಿಂತ ಹೆಚ್ಚು ಪಂದ್ಯ ಆಡದ ಆಟಗಾರನನ್ನು ಇನ್ನೊಂದು ತಂಡಕ್ಕೆ ಕೊಡಬಹುದಿತ್ತು. ಅದನ್ನು ನಾವು ‘ವರ್ಗಾವಣೆ’ ಎಂದು ಬರೆದು ಕೈ ತೊಳೆದುಕೊಂಡಿದ್ದೆವು. ಅದೂ ಸರಿಯಲ್ಲ. ವರ್ಗವಾದ ಮೇಷ್ಟ್ರು ಹಳೆಯ ಶಾಲೆಯವರಾಗಿ ಉಳಿಯುವುದಿಲ್ಲ.

ಸರಿಯಾದ ಶಬ್ದ ನನ್ನ ಮನೆಯಲ್ಲೇ ಇತ್ತು. ರಾತ್ರಿ ಊಟದ ಹೊತ್ತಿಗೆ ಕಾಕಾ ಅವರ ಕಥೆ ಹೇಳಿ ನಗುತ್ತಿದ್ದೆ. ನನ್ನ ಹೆಂಡತಿ ಒಂದು ಇಲಾಖೆಯಿಂದ ಜಿಲ್ಲಾ ಪಂಚಾಯಿತಿ ಕಚೇರಿಗೆ ಬಂದು ಎರಡು ವರ್ಷವಾಗಿತ್ತು. ಅವಳು ನಗಲಿಲ್ಲ. ‘ಅದು ಎರವಲು ಸೇವೆ ಅಲ್ಲವೇ? ನಾನು ಈಗ ಇರುವುದೂ ಹಾಗೆಯೇ’ ಎಂದಳು.

ಎರವಲು ಸೇವೆ. ಬೆಳಗಾವಿಯ ಪ್ರತಿಯೊಂದು ಸರ್ಕಾರಿ ಕಚೇರಿಯ ಗುಮಾಸ್ತನಿಗೂ ಗೊತ್ತಿರುವ ಮಾತು. ಮಾತೃ ಇಲಾಖೆ ಒಂದು, ಕೆಲಸ ಮಾಡುವ ಇಲಾಖೆ ಇನ್ನೊಂದು. ಅವಧಿ ಆದೇಶದಲ್ಲೇ ಇರುತ್ತದೆ. ಹುದ್ದೆಯ ಹಕ್ಕು ಮಾತೃ ಇಲಾಖೆಯಲ್ಲಿ ಉಳಿಯುತ್ತದೆ, ಅವಧಿ ಮುಗಿದರೆ ಅಲ್ಲಿಗೇ ಮರಳಬೇಕು. ಸೈಡರ್‌ನ ಮಾತೃ ಇಲಾಖೆ ಡೆಟ್ರಾಯಿಟ್. ಎರವಲು ಸೇವೆ ಎಂಗೆಲ್‌ಹೋಮ್‌ನಲ್ಲಿ, ಒಂದು ಋತು. ಇಷ್ಟು ಬರೆದಿದ್ದರೆ ಖಡೇಬಜಾರಿನ ಅಂಗಡಿಯಾತನಿಗೂ ಎರಡನೆಯ ಪ್ರಶ್ನೆ ಏಳುತ್ತಿರಲಿಲ್ಲ. ಎನ್‌ಎಚ್‌ಎಲ್‌ನ ಕರಾರು ಭಾಷೆಯಲ್ಲಿ ಕ್ಲಬ್ಬು ತನ್ನ ಆಟಗಾರನನ್ನು ಕೆಳಹಂತದ ತಂಡಕ್ಕೆ ಕಳಿಸುವುದಕ್ಕೂ ‘ಲೋನ್’ ಎಂಬ ಇದೇ ಹೆಸರು. ಹಾಗೆ ನೋಡಿದರೆ ಸೈಡರ್ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿದ್ದಾಗಲೂ ಎರವಲಿನ ಮೇಲೇ ಇದ್ದ, ಆಗ ಯಾರಿಗೂ ಅದು ಸುದ್ದಿ ಎನಿಸಿರಲಿಲ್ಲ.

ಕಾಕಾ ಇದನ್ನು ತಮ್ಮದೇ ರೀತಿಯಲ್ಲಿ ಹೇಳಿದ್ದರು, ನಾನು ಆಗ ಕಿವಿಗೆ ಹಾಕಿಕೊಂಡಿರಲಿಲ್ಲ. ಅವರನ್ನು ಒಮ್ಮೆ ಒಂದು ಪಂದ್ಯಾವಳಿಗಾಗಿ ಬೇರೆ ಘಟಕದ ತಂಡಕ್ಕೆ ಕೊಟ್ಟಿದ್ದರಂತೆ. ‘ಪಗಾರ ನನ್ನ ಪಲ್ಟಣದ್ದು, ಊಟ ಅವರದ್ದು, ಕಾಲು ಮುರಿದರೆ ಯಾರ ಖರ್ಚು ಎಂದು ಮೊದಲೇ ಕಾಗದದಲ್ಲಿ ಬರೆದಿದ್ದರು. ಕರೆ ಬಂದರೆ ಮರುದಿನ ಗಾಡಿ ಹತ್ತಬೇಕು.’ ಎರವಲಿನ ಸುದ್ದಿಯೊಂದರಲ್ಲಿ ಇರಬೇಕಾದ ಎಲ್ಲವೂ ಇದರಲ್ಲಿದೆ: ಕರಾರು ಯಾರ ಕೈಯಲ್ಲಿ, ಸಂಬಳ ಯಾರದು, ಗಾಯದ ಹೊಣೆ ಯಾರದು, ವಾಪಸು ಕರೆಯುವ ಹಕ್ಕು ಉಂಟೋ ಇಲ್ಲವೋ. ನಮ್ಮ ಏಳು ಸಾಲಿನಲ್ಲಿ ಮೊದಲನೆಯದು ತಪ್ಪಾಗಿತ್ತು, ಕೊನೆಯದು ಕಲ್ಪಿತವಾಗಿತ್ತು, ನಡುವಿನ ಎರಡು ಇರಲೇ ಇಲ್ಲ.

ಎರಡೂ ಕಡೆಯವರು ಬೇರೆ ಬೇರೆ ಹೇಳಿದಾಗ

ನಮ್ಮ ಪ್ರಕರಣದಲ್ಲಿ ಒಂದು ಅದೃಷ್ಟವಿತ್ತು. ಕೊಟ್ಟವರು ಮತ್ತು ಪಡೆದವರು ಒಂದೇ ಮಾತು ಹೇಳುತ್ತಿದ್ದರು. ಎಲ್ಲ ಸಲವೂ ಹಾಗಿರುವುದಿಲ್ಲ. 2008ರಲ್ಲಿ ರಷ್ಯಾದಲ್ಲಿ ಕೆಎಚ್‌ಎಲ್ ಎಂಬ ಹೊಸ ಲೀಗ್ ಹುಟ್ಟಿದಾಗ ಅಲೆಕ್ಸಾಂಡರ್ ರಾಡುಲೋವ್ ಎಂಬಾತ ಉಫಾ ನಗರದ ಸಲಾವತ್ ಯುಲಾಯೆವ್ ಕ್ಲಬ್‌ಗೆ ಸಹಿ ಹಾಕಿದ. ಅವನಿಗೆ ಅಮೆರಿಕದ ನ್ಯಾಶ್‌ವಿಲ್ ತಂಡದೊಂದಿಗೆ ಇನ್ನೂ ಒಂದು ವರ್ಷದ ಕರಾರು ಬಾಕಿಯಿತ್ತು. ಇದು ಎರವಲಲ್ಲ, ಕೇಳದೆ ಹೊರಟುಹೋದದ್ದು. ಅಮೆರಿಕದ ಕಡೆಗೆ ಅವನು ನ್ಯಾಶ್‌ವಿಲ್‌ನವನು, ರಷ್ಯಾದ ಕಡೆಗೆ ಉಫಾದವನು. ಒಂದೇ ಕಡೆಯನ್ನು ಕೇಳಿ ಬರೆದ ವರದಿಯಲ್ಲಿ ಪ್ರತಿ ಹೇಳಿಕೆಯೂ ಸರಿಯಿದ್ದು ಒಟ್ಟು ಸುದ್ದಿ ತಪ್ಪಾಗಬಹುದಿತ್ತು. ಅವನು ಮತ್ತೆ ನ್ಯಾಶ್‌ವಿಲ್ ಅಂಗಿ ತೊಟ್ಟದ್ದು 2012ರ ಮಾರ್ಚ್‌ನಲ್ಲಿ, ಬಿಟ್ಟುಹೋದ ಆ ಒಂದು ವರ್ಷದ ಬಾಕಿ ತೀರಿಸಲು.

ನಮ್ಮ ಹಾಕಿಯಲ್ಲಿ ಮೂರನೆಯ ಒಡೆಯನೊಬ್ಬ ಇದ್ದಾನೆ, ಒಕ್ಕೂಟ. ಅದೇ 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ನಡೆಯಿತು. ಕರ್ನಾಟಕ ಲಯನ್ಸ್ ಎಂಬ ತಂಡವೂ ಅದರಲ್ಲಿತ್ತು. ಅಂತರರಾಷ್ಟ್ರೀಯ ಒಕ್ಕೂಟವಾಗಲಿ ಹಾಕಿ ಇಂಡಿಯಾ ಆಗಲಿ ಅದಕ್ಕೆ ಮಾನ್ಯತೆ ಕೊಟ್ಟಿರಲಿಲ್ಲ. ಸಹಿ ಹಾಕಿದ್ದ ಕೆಲವು ಆಟಗಾರರು ಕಣಕ್ಕೇ ಇಳಿಯದೆ ರಾಷ್ಟ್ರೀಯ ಶಿಬಿರದ ಹಾದಿ ಹಿಡಿದರು. ಆಟಗಾರ ಒಪ್ಪಿದ, ತಂಡ ಒಪ್ಪಿತು, ಆದ್ದರಿಂದ ಆಡುತ್ತಾನೆ ಎಂದು ಬರೆದವರ ಸುದ್ದಿ ಅಲ್ಲಿಗೆ ಸತ್ತಿತು. ಕಾಕಾ ಅವರಿಗೆ ಆ ಪಂದ್ಯಾವಳಿಯ ನೆನಪು ಚೆನ್ನಾಗಿದೆ. ಟಿವಿಯ ಮುಂದೆ ಕುಳಿತು ಪಟ್ಟಿಯಲ್ಲಿದ್ದ ಹೆಸರುಗಳನ್ನು ಹುಡುಕಿದ್ದರಂತೆ.

ತಿದ್ದುಪಡಿ

ಇದು ಹೇಳಲು ಮುಜುಗರವಾಗುವ ಭಾಗ. ಮುಖ್ಯ ಕಚೇರಿಗೆ ಫೋನ್ ಮಾಡಿದೆ. ‘ಐಸ್ ಹಾಕಿಯನ್ನು ನಮ್ಮ ಕಡೆ ಯಾರು ಓದುತ್ತಾರೆ, ಬಿಡಿ ಸಾಹೇಬರೇ’ ಎಂಬ ಉತ್ತರ ಬಂತು. ಕೆಳಗೆ ಮೆಟ್ಟಿಲಿನ ಬುಡದಲ್ಲಿ ಒಬ್ಬರು ಓದಿ ನಿಂತಿದ್ದರು ಎಂದೆ. ಕೊನೆಗೆ ಎರಡು ಸಾಲಿಗೆ ಒಪ್ಪಿದರು. ಮರುದಿನದ ಪುಟದಲ್ಲಿ ಬಂದದ್ದು: ‘ಡೆಟ್ರಾಯಿಟ್ ಆಟಗಾರನ ಸುದ್ದಿಯೊಂದಿಗೆ ತಪ್ಪು ಚಿತ್ರ ಪ್ರಕಟವಾಗಿದೆ. ವಿಷಾದಿಸುತ್ತೇವೆ.’

ಚಿತ್ರ ಮಾತ್ರ. ಮಾರಾಟವೂ ಜನವರಿಯೂ ಹಾಗೆಯೇ ಉಳಿದವು. ಕಣ್ಣಿಗೆ ಹೊಡೆಯುವ ತಪ್ಪಿಗೆ ಕ್ಷಮೆ ಕೇಳಿದರೆ ಉಳಿದದ್ದಕ್ಕೆ ಪ್ರಮಾಣಪತ್ರ ಕೊಟ್ಟಂತೆ ಆಗುತ್ತದೆ ಎಂದು ನನಗೆ ಆಗ ಹೊಳೆಯಲಿಲ್ಲ. ಕಾಕಾ ಅವರಿಗೆ ಹೊಳೆಯಿತು. ಫೋನ್ ಮಾಡಿ, ‘ಅಂದರೆ ಮಾರಿದ್ದು ಖರೆ ಎಂದಾಯಿತು’ ಎಂದರು.

2021ರ ಜನವರಿ 13ರಂದು ಎನ್‌ಎಚ್‌ಎಲ್ ಶುರುವಾಯಿತು. ಮರುದಿನ ಕಾಕಾ ಮತ್ತೆ ಫೋನ್ ಮಾಡಿದರು: ‘ನಿಮ್ಮ ಹುಡುಗ ಬಂದನೇ?’ ಬಂದಿರಲಿಲ್ಲ. ಸೈಡರ್ ಸ್ವೀಡನ್‌ನಲ್ಲೇ ಉಳಿದು 41 ಪಂದ್ಯ ಆಡಿದ, 28 ಅಂಕ ಗಳಿಸಿದ, ಆ ಲೀಗ್‌ನ ಶ್ರೇಷ್ಠ ರಕ್ಷಣಾ ಆಟಗಾರನೆನಿಸಿದ. ರೋಗ್ಲೆ ಫೈನಲ್ ತನಕ ಹೋಗಿ ವ್ಯಾಕ್ಷಿಯೊ ತಂಡಕ್ಕೆ ಸೋತಿತು. ಇದನ್ನೆಲ್ಲ ನಾನು ಕಾಕಾ ಅವರಿಗೆ ವಾರವಾರ ವರದಿ ಒಪ್ಪಿಸುತ್ತಿದ್ದೆ. ಪತ್ರಿಕೆಯಲ್ಲಿ ಹಾಕಲಾಗದ ತಿದ್ದುಪಡಿಯನ್ನು ಫೋನಿನಲ್ಲಿ ಕಂತು ಕಂತಾಗಿ ತೀರಿಸಿದೆ ಎನ್ನಬಹುದು.

ಡೆಸ್ಕಿನ ಹುಡುಗ ಆಮೇಲೆ ಹುಬ್ಬಳ್ಳಿಗೆ ಹೋದ. 2022ರ ಜೂನ್‌ನಲ್ಲಿ ಸೈಡರ್‌ಗೆ ಎನ್‌ಎಚ್‌ಎಲ್‌ನ ವರ್ಷದ ಹೊಸ ಪ್ರತಿಭೆಗೆ ಕೊಡುವ ಕಾಲ್ಡರ್ ಟ್ರೋಫಿ ಬಂತು. ಆ ರಾತ್ರಿ ಹುಡುಗನಿಂದ ನನಗೊಂದು ಸಂದೇಶ, ಜೊತೆಗೆ ಐದು ಸಾಲಿನ ಸುದ್ದಿ ಮತ್ತು ಮಂಜುಗಡ್ಡೆಯ ಚಿತ್ರ. ‘ಸ್ವೀಡನ್‌ನಲ್ಲಿ ಒಂದು ಋತುವಿನ ಎರವಲು ಸೇವೆ ಮುಗಿಸಿ ಮಾತೃ ತಂಡಕ್ಕೆ ಮರಳಿದ್ದ’ ಎಂದು ಬರೆದಿದ್ದ. ‘ಸರ್, ಇದು ನಡೆಯುತ್ತದೆಯೇ?’ ಎಂದು ಕೇಳಿದ್ದ. ನಡೆಯುತ್ತದೆ, ಹಾಕು ಎಂದೆ. ಬೆಳಿಗ್ಗೆ ಪುಟ ತೆರೆದು ನೋಡಿದರೆ ಆ ಮೂಲೆಯಲ್ಲಿ ಬಿತ್ತನೆ ಬೀಜದ ಜಾಹೀರಾತು ಇತ್ತು.